ಹೋದ ವರ್ಷದ ಸಾರಿಗೆ ಉಪ್ಪು ಕಮ್ಮಿ

ಮಾರ್ಚ್ ಬಂತೆಂದರೆ ಬೆಂಗಳೂರಿನ ಟೆಕ್ ಪಾರ್ಕುಗಳಲ್ಲಿ ಒಂದು ಬಗೆಯ ಶ್ರಾದ್ಧ ಶುರುವಾಗುತ್ತದೆ. ಸತ್ತು ವರ್ಷವಾದ ಕೆಲಸಗಳನ್ನೆಲ್ಲ ಹೆಸರು ಹಿಡಿದು ಕರೆದು ಪಿಂಡ ಇಡುವುದು. ವರ್ಷದ ಕೆಲಸ ತೂಗಿ ಅಂಕ ಹಾಕುವ ಇದಕ್ಕೆ ಅಪ್ರೈಸಲ್ ಅಂತ ಹೆಸರು.

ನನ್ನದನ್ನೇ ಹೇಳ್ತೀನಿ. ಸಣ್ಣ ಮೀಟಿಂಗ್ ರೂಮು. ಮ್ಯಾನೇಜರ್ ಲ್ಯಾಪ್‌ಟಾಪ್ ತೆರೆದು, ಗಂಟಲು ಸರಿ ಮಾಡಿಕೊಂಡು, "ಮೇ ತಿಂಗಳಲ್ಲಿ ಕ್ಲೈಂಟಿಗೆ ಒಂದು ಮೇಲ್ ಹಾಕಿದ್ರಲ್ಲ, ಅದರ ಟೋನ್ ಸರಿ ಇರಲಿಲ್ಲ" ಅಂದರು.

ಯಾವ ಮೇ? ಹೋದ ಮೇ. ಆವತ್ತು ಅವರು ನನ್ನ ಪಕ್ಕದಲ್ಲೇ ಕೂತು ಬಾದಾಮಿ ಮಾವಿನಹಣ್ಣಿನ ಹೋಳು ತಿನ್ನುತ್ತಿದ್ದರು. ಒಂದು ಮಾತು ಆಡಿರಲಿಲ್ಲ.

"ಆಗಲೇ ಹೇಳಬಹುದಿತ್ತಲ್ಲ ಸಾರ್?"

"ನೋಟ್ ಮಾಡಿ ಇಟ್ಕೊಂಡಿದ್ದೆ."

ಮಾವಿನಕಾಯಿಯನ್ನು ಜಾಡಿಗೆ ಹಾಕಿ ಬಟ್ಟೆ ಕಟ್ಟಿ ಇಟ್ಟ ಹಾಗೆ. ಹತ್ತು ತಿಂಗಳಲ್ಲಿ ಚೆನ್ನಾಗಿ ಖಾರ ಹಿಡಿದಿತ್ತು. ಅಷ್ಟರಲ್ಲಿ ನಾನು ಅದೇ ಟೋನಿನಲ್ಲಿ ಇನ್ನೂ ನೂರಾರು ಮೇಲ್ ಹಾಕಿ ಮುಗಿಸಿದ್ದೆ.

ಇದೇ ಮನುಷ್ಯ ಮನೆಯಲ್ಲಿ ಸಾರಿಗೆ ಉಪ್ಪು ಕಮ್ಮಿಯಾದರೆ ಯುಗಾದಿವರೆಗೆ ಕಾಯ್ತಾರಾ? ನಾವು ಕಂಡದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಜನವೇ ಅಲ್ಲ. ಮದುವೆ ಊಟದಲ್ಲಿ ಎಲೆ ಮಡಿಸುವ ಮೊದಲೇ ಹೋಳಿಗೆಯ ಹೂರಣದ ಮೇಲೆ ತೀರ್ಪು ಬಂದಿರುತ್ತದೆ. ಎದುರುಮನೆಯವರು ಗೇಟಿನಲ್ಲೇ ನಿಲ್ಲಿಸಿ "ಏನ್ರೀ, ತುಂಬಾ ಇಳಿದುಹೋಗಿದ್ದೀರಿ" ಅನ್ನುತ್ತಾರೆ. ಆಟೋದಿಂದ ಕಾಲು ಕೆಳಗಿಡುವ ಮುಂಚೆ ಡ್ರೈವರಿಗೆ ಎಷ್ಟು ಸ್ಟಾರ್ ಅಂತ ಫೋನು ಕೇಳುತ್ತದೆ. ದಿನಕ್ಕೆ ಒಂಬತ್ತು ಗಂಟೆ ಜೊತೆಯಲ್ಲಿ ದುಡಿಯುವವನಿಗೆ ಮಾತ್ರ ವರ್ಷಕ್ಕೊಂದು ಸಲ, ಅದೂ ಕ್ಯಾಲೆಂಡರ್ ಇನ್ವೈಟ್ ಕಳಿಸಿ.

ರೇಟಿಂಗ್ ಎಷ್ಟು ಅಂತ ಕೇಳಿದೆ. ಮೂರು. "ನಾಲ್ಕು ಕೊಡಬೇಕು ಅಂತಿದ್ದೆ, ಬೆಲ್ ಕರ್ವ್ ಬಿಡಲಿಲ್ಲ" ಅಂದರು, ಬಸ್ಸಿನಲ್ಲಿ ಸೀಟು ಹಿಡಿದುಕೊಡಲು ಆಗದವರ ಮುಖ ಮಾಡಿಕೊಂಡು. ಬೆಲ್ ಕರ್ವ್ ಅಂದರೆ ಯಾವ ರೇಟಿಂಗ್ ಎಷ್ಟು ಮಂದಿಗೆ ಅಂತ ಮೊದಲೇ ಪಾಲು ಹಾಕಿಡುವುದು. ಈ ಲೆಕ್ಕವನ್ನು ಜಗತ್ತಿಗೆ ಹಬ್ಬಿಸಿದ್ದು ಜಾಕ್ ವೆಲ್ಚ್ ಮುಖ್ಯಸ್ಥರಾಗಿದ್ದ ಕಾಲದ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ. ನೂರು ಮಂದಿಯಲ್ಲಿ ಮೇಲಿನ 20, ನಡುವಿನ 70, ಕೊನೆಯ 10. ಎಲ್ಲರೂ ಚೆನ್ನಾಗಿ ಮಾಡಿದರೂ ಹತ್ತು ಮಂದಿಯಲ್ಲಿ ಒಬ್ಬ ದಡ್ಡ ಆಗಲೇಬೇಕು. ಮೈಕ್ರೋಸಾಫ್ಟ್‌ನವರು ಇಂಥದ್ದೇ ಒಂದು ಪದ್ಧತಿಯನ್ನು 2013ರಲ್ಲೇ ಕೈಬಿಟ್ಟರು. ನಮ್ಮಲ್ಲಿ ಬೆಲ್ಲು ಬಾರಿಸುತ್ತಲೇ ಇತ್ತು. ಗುಡಿಯ ಗಂಟೆ ಬಾರಿಸಿದರೆ ಪ್ರಸಾದವಾದರೂ ಸಿಗುತ್ತದೆ.

ಹತ್ತು ತಿಂಗಳು ತಡ ಅಂತ ನಾನು ಗೊಣಗಬಾರದು ಬಿಡಿ. ಸರ್ಕಾರದ ಮುಂದೆ ಅದು ಯಾವ ಲೆಕ್ಕ! ಅಲ್ಲಿ ಇದ್ದದ್ದು ವಾರ್ಷಿಕ ಗೌಪ್ಯ ವರದಿ. ನಿಮ್ಮ ಕೆಲಸ ಹೇಗಿದೆ ಅಂತ ಮೇಲಿನವರು ಬರೆಯುತ್ತಿದ್ದರು. ಗೌಪ್ಯ ಯಾರಿಂದ? ನಿಮ್ಮಿಂದ. ತೀರಾ ಕೆಟ್ಟದಾಗಿ ಬರೆದರೆ ಮಾತ್ರ ನಿಮಗೆ ತಿಳಿಸುವ ರೂಢಿ ಇತ್ತು. ಗಡಿ ರಸ್ತೆಗಳ ಇಲಾಖೆಯ ಎಂಜಿನಿಯರ್ ದೇವ್ ದತ್ ಅವರಿಗೆ 1993-94ರ ವರದಿಯಲ್ಲಿ 'ಉತ್ತಮ' ಅಂತ ಬರೆದಿದ್ದರು. ಉತ್ತಮ ಅಂದರೆ ಒಳ್ಳೆಯದೇ ಅಲ್ವಾ? ಅಲ್ಲ. ಬಡ್ತಿಗೆ 'ಅತ್ಯುತ್ತಮ' ಬೇಕಿತ್ತು. ಹೊಗಳಿಕೆಯೇ ಅಡ್ಡ ಬಂತು, ಕಿರಿಯರು ಮೇಲೆ ಹೋದರು. ಒಳ್ಳೆಯ ಮಾತನ್ನು ಯಾಕೆ ತಿಳಿಸಬೇಕು ಅನ್ನುವುದು ಸರ್ಕಾರದ ವಾದ. ಸುಪ್ರೀಂ ಕೋರ್ಟ್ 2008ರಲ್ಲಿ, ಏನೇ ಬರೆದರೂ ನೌಕರನಿಗೆ ತಿಳಿಸಲೇಬೇಕು, ಈ 'ಉತ್ತಮ'ವನ್ನು ಎರಡು ತಿಂಗಳೊಳಗೆ ಅವರಿಗೆ ತಿಳಿಸಿ ಅಂತ ಆದೇಶಿಸಿತು. ಎರಡು ತಿಂಗಳಂತೆ, ಏನು ಅವಸರ! ಅಷ್ಟರಲ್ಲಿ ಅವರು ನಿವೃತ್ತರಾಗಿದ್ದರು.

ಆಮೇಲೆ ನಾನು ಕಂಪನಿ ಬದಲಿಸಿದೆ. ಹೊಸ ಜಾಗದಲ್ಲಿ ಎಚ್‌ಆರ್‌ನವರು ಮೊದಲ ದಿನವೇ ಘೋಷಿಸಿದರು: "ಇಲ್ಲಿ ವರ್ಷಕ್ಕೊಂದು ಸಲ ಅಲ್ಲ, ನಿರಂತರ ಫೀಡ್‌ಬ್ಯಾಕ್." ಕೇಳಿ ಕಣ್ಣು ತುಂಬಿ ಬಂತು. ಸಾಫ್ಟ್‌ವೇರ್ ಕಂಪನಿ ಅಡೋಬಿಯವರು 2012ರಲ್ಲೇ ವಾರ್ಷಿಕ ರಿವ್ಯೂ ಕೈಬಿಟ್ಟು ಮಾತುಕತೆ ಶುರು ಮಾಡಿದ್ದು ಗೊತ್ತಿತ್ತು. ಇವರು ಮಾತುಕತೆ ಬಿಟ್ಟು ಆ್ಯಪ್ ಶುರು ಮಾಡಿದ್ದರು.

ಪ್ರತಿ ಮ್ಯಾನೇಜರ್ ವಾರಕ್ಕೆ ಐವರಿಗೆ ಫೀಡ್‌ಬ್ಯಾಕ್ ಕೊಡಬೇಕು. ಕೊಡದಿದ್ದರೆ ಅವರ ಹೆಸರಿನ ಮುಂದೆ ಕೆಂಪು ಚುಕ್ಕೆ. ಹಾಗಾಗಿ ನಮ್ಮಲ್ಲಿ ಫೀಡ್‌ಬ್ಯಾಕ್ ನಿರಂತರವಾಗಿ ಶುಕ್ರವಾರ ಸಂಜೆ ಐದೂಮುಕ್ಕಾಲಿಗೆ ಬರುತ್ತಿತ್ತು. ಸಾಲಾಗಿ ಟಿಂಗ್, ಟಿಂಗ್, ಟಿಂಗ್. ಐಸ್‌ಕ್ಯಾಂಡಿ ಗಾಡಿ ಬಂದಂತೆ. ನನಗೂ ಒಂದು ಬಂತು: "ಈ ವಾರ ನಿಮ್ಮ ಓನರ್‌ಶಿಪ್ ಅದ್ಭುತವಾಗಿತ್ತು." ಜೊತೆಗೆ ರಾಕೆಟ್ ಚಿತ್ರ. ಆ ವಾರವಿಡೀ ನಾನು ದಾವಣಗೆರೆಯಲ್ಲಿ ಚಿಕ್ಕಪ್ಪನ ಮಗಳ ಮದುವೆಗೆ ಚಪ್ಪರ ಕಟ್ಟಿಸುತ್ತಿದ್ದೆ. ಪಕ್ಕದ ಟೇಬಲ್ಲಿನ ಹುಡುಗಿಗೂ ಅದೇ ವಾಕ್ಯ, ಅದೇ ರಾಕೆಟ್. ಅವಳ ಹೆಸರಿನ ಜಾಗದಲ್ಲಿ ಮಾತ್ರ ನನ್ನ ಹೆಸರು ಉಳಿದುಹೋಗಿತ್ತು.

ಮ್ಯಾನೇಜರ್ ಕೂರುತ್ತಿದ್ದದ್ದು ನನ್ನಿಂದ ಮೂರು ಕುರ್ಚಿ ಆಚೆ. ಪಾಪ, ಕೆಟ್ಟವರಲ್ಲ. ಅವರ ಫೋನೂ ಅದೇ ಹೊತ್ತಿಗೆ ಟಿಂಗ್ ಅನ್ನುತ್ತಿತ್ತು. ಒಂದು ದಿನ ನಾನೇ ಎದ್ದು ಹೋಗಿ, "ಸಾರ್, ನಿನ್ನೆಯ ರಿಪೋರ್ಟ್ ಹೇಗಿತ್ತು?" ಅಂತ ಕೇಳಿದೆ. ಗಾಬರಿಯಾಗಿ ಆಚೆ ಈಚೆ ನೋಡಿದರು. "ಆ್ಯಪಲ್ಲಿ ರಿಕ್ವೆಸ್ಟ್ ಹಾಕಿ."

ಆವತ್ತು ಸಂಜೆ ದರ್ಶಿನಿಗೆ ಹೋದೆ. ದೋಸೆ ಭಟ್ಟರು ಕಾವಲಿಗೆ ನೀರು ಚಿಮುಕಿಸಿ, ಪೊರಕೆಯಲ್ಲಿ ಒಂದೇ ಸಲ ಗುಡಿಸಿ, ಹಿಟ್ಟು ಹುಯ್ದರು. ಕೌಂಟರಿನ ಈಚೆಯಿಂದ ಒಬ್ಬರು "ಭಟ್ರೇ, ನಂದು ಸ್ವಲ್ಪ ರೋಸ್ಟ್" ಅಂದರು. ಇನ್ನೊಬ್ಬರು "ಎಣ್ಣೆ ಕಮ್ಮಿ". ಮತ್ತೊಬ್ಬರು "ನಿನ್ನೆ ಹುಳಿ ಜಾಸ್ತಿಯಾಗಿತ್ತು ರೀ". ಭಟ್ಟರು ತಲೆ ಎತ್ತದೆ ಹೂಂ ಹೂಂ ಅನ್ನುತ್ತಲೇ ಒಂದನ್ನು ಇನ್ನಷ್ಟು ಹೊತ್ತು ಬಿಟ್ಟರು, ಇನ್ನೊಂದರ ಮೇಲೆ ಸೌಟು ಹಿಂದೆ ತೆಗೆದರು.

ತಿಂದು ತಟ್ಟೆ ಇಡುವಾಗ ನನ್ನನ್ನು ಕೇಳಿದರು, "ಚಟ್ನಿ ಹೇಗಿತ್ತು ಸಾರ್?"

ಅಭ್ಯಾಸ ಬಲ, ಬಾಯಿಂದ ಬಂದೇ ಬಿಟ್ಟಿತು. "ಓವರಾಲ್ ಚೆನ್ನಾಗಿದೆ. ಇನ್ನೂ ಸ್ವಲ್ಪ ಪ್ರೊಆಕ್ಟಿವ್ ಆಗಬಹುದು."

ಭಟ್ಟರು ಸೌಟು ಹಿಡಿದು ಒಂದು ಗಳಿಗೆ ನನ್ನನ್ನೇ ನೋಡಿದರು.

"ಉಪ್ಪು ಕಮ್ಮಿನಾ?"