18 ವೋಲ್ಟ್ ಕೊಟ್ರ ಬೇಸ್ ಡಬಲ್ ಜೋರಾಗಂಗಿಲ್ರಿ, ಒಂದ್ ಸ್ಪಷ್ಟನೆ
ಗಣಪತಿ ಹಬ್ಬ ಹತ್ರ ಬಂತಂದ್ರ ನಮ್ಮ ಬೆಳಗಾವಿ ಆರ್ಕೆಸ್ಟ್ರಾ ಹುಡುಗ್ರ ವಾಟ್ಸಾಪ್‌ನ್ಯಾಗ ಒಂದ್ ಮೆಸೇಜ್ ತಿರಗಾಕ ಹತ್ತತೈತಿ, ಆ್ಯಕ್ಟಿವ್ ಬೇಸ್ ಗಿಟಾರ್‌ಗೆ (ಒಳಗ ಬ್ಯಾಟರಿ ಮ್ಯಾಲ ನಡಿಯೂ ಪ್ರೀಆಂಪ್, ಅಂದ್ರ ಸಿಗ್ನಲ್ ಏರಿಸೂ ಸರ್ಕೀಟ್ ಇರೂದು) ಒಂದರ ಬದ್ಲಿ ಎರಡು 9 ವೋಲ್ಟ್ ಬ್ಯಾಟರಿ ಸೀರೀಸ್‌ನ್ಯಾಗ, ಅಂದ್ರ ಒಂದರ ಹಿಂದ ಒಂದು ಜೋಡಿಸಿ 18 ವೋಲ್ಟ್ ಮಾಡಿ ಹಾಕಿದ್ರ ಸೌಂಡ್ ಡಬಲ್, ಯಾವ ಗಿಟಾರ್‌ಗಾದ್ರೂ ನಡೀತೈತಿ ಅಂತ. ಎರಡೂ ತಪ್ಪು.

ಸೌಂಡ್ ಎಷ್ಟು ಜೋರು ಅನ್ನೂದು ಪಿಕಪ್ (ತಂತಿ ಅಲುಗೂದನ್ನ ಸಿಗ್ನಲ್ ಮಾಡೂದು) ಮತ್ತ ಪ್ರೀಆಂಪ್ ಗೇನ್ (ಸಿಗ್ನಲ್ ಎಷ್ಟು ಪಟ್ಟು ಏರಿಸತೈತಿ ಅನ್ನೂದು) ಮ್ಯಾಲ ಐತಿ. 18 ವೋಲ್ಟ್‌ನಿಂದ ಸಿಗೂದು ಹೆಡ್‌ರೂಮ್ ಅಷ್ಟ, ಅಂದ್ರ ಬೇಸ್ ನಾಬ್ ಪೂರ್ತಿ ಏರಿಸಿ ಹೆಬ್ಬೆರಳಿಲೆ ತಂತಿಗೆ ಜೋರಾಗಿ ಸ್ಲ್ಯಾಪ್ ಹೊಡದಾಗ ಪ್ರೀಆಂಪ್ ಒಳಗ ಸಿಗ್ನಲ್ ಗರ್ ಅಂತ ಒಡಿಯೂದು ಕಡಿಮಿ ಆಕ್ಕೈತಿ. ಬೆರಳಿಲೆ ಮೆತ್ತಗ ನುಡಿಸೋರಿಗೆ ಫರಕ್ ಗೊತ್ತಾಗೂದೂ ಡೌಟ.

ಇನ್ನ ಎಲ್ಲಾ ಗಿಟಾರ್‌ಗೂ ನಡೀತೈತಿ ಅನ್ನೂದು ಡೇಂಜರ್ ಮಾತು. ನನ್ನ ಗಿಟಾರಿನ ಹಿಂದಿನ ಪ್ಲೇಟ್ ಬಿಚ್ಚಿ ಟಾರ್ಚ್ ಹಿಡದ್ ನೋಡಿದ್ರ, ಬ್ಯಾಟರಿ ಲೈನಿಗೆ ಕುಂತಿದ್ದ ಕಡ್ಲಿಕಾಳಿನಷ್ಟು ಕೆಪಾಸಿಟರ್ ಮ್ಯಾಲ 16ವಿ (ಅದು ತಡಕೊಳ್ಳೂ ಗರಿಷ್ಠ ವೋಲ್ಟ್) ಅಂತ ಬರದಿತ್ತು, ಅದಕ್ಕ 18 ಕೊಟ್ರ ಇವತ್ತಲ್ಲ ನಾಳೆ ಹೋಗೂದ. ಕಂಪನಿ ಮ್ಯಾನ್ಯುಯಲ್‌ನ್ಯಾಗ 18 ನಡೀತೈತಿ ಅಂತ ಇದ್ರಷ್ಟ ಹಾಕ್ರಿ. ಪ್ಯಾಸಿವ್ ಬೇಸ್‌ಗೆ ಬ್ಯಾಟರಿನ ಇರಂಗಿಲ್ಲ, ಅದರ ಮಾತ ಬಿಡ್ರಿ.

ವಾಲ್ಯೂಮ್ ಸೊನ್ನಿ ಮಾಡಿದ್ರ ಬ್ಯಾಟರಿ ಉಳೀತೈತಿ ಅಂತಾನೂ ಅದ ಮೆಸೇಜ್‌ನ್ಯಾಗ ಐತಿ. ಹಂಗಿಲ್ರಿ, ಬಾಳಷ್ಟು ಆ್ಯಕ್ಟಿವ್ ಬೇಸ್‌ನ್ಯಾಗ ಸ್ವಿಚ್ ಕೆಲಸ ಮಾಡೂದು ಸ್ಟೀರಿಯೋ ಜ್ಯಾಕ್, ಕೇಬಲ್ ಚುಚ್ಚಿದ್ರ ಆನ್, ಕಿತ್ರ ಆಫ್. ರಾತ್ರಿ ಪ್ರೋಗ್ರಾಮ್ ಮುಗಿಸಿ ಕೇಬಲ್ ಹಂಗ ಬಿಟ್ಟು ಮಲಗಿ ಎಷ್ಟ್ ಬ್ಯಾಟರಿ ತಿಂದೀನಿ ಕೇಳಬ್ಯಾಡ್ರಿ.