ಆ ದೀಪ ಕತ್ತಲಲ್ಲಿ ತಿರುಗಬೇಕಿತ್ತು

ನಿನ್ನೆ ರಾತ್ರಿ ಬೆಳಗಾವಿಯಲ್ಲಿ ಶ್ರೀಕೃಷ್ಣ ಪಾರಿಜಾತ ನಾಟಕ ನೋಡಿ ಬಂದೆ. ಬೆಳಗಾದರೂ ಸಿಟ್ಟು ಇಳಿದಿಲ್ಲ. ಬರೆದೇ ಬಿಡುತ್ತೇನೆ.

ಸತ್ಯಭಾಮೆ ಮಾಡಿದವರು ಅರವತ್ತು ದಾಟಿದ ಕಲಾವಿದೆ. ಪಾರಿಜಾತದ ಹೂವು ರುಕ್ಮಿಣಿಯ ಪಾಲಾಯಿತು ಅಂತ ಗೊತ್ತಾಗಿದೆ. ಮಂಚದ ತುದಿಗೆ ಕೂತು, ಕೈಯ ಬಳೆಗಳನ್ನು ಒಂದೊಂದೇ ತೆಗೆದು ಮಡಿಲಲ್ಲಿ ಇಡುತ್ತಿದ್ದಾರೆ. ಮಾತಿಲ್ಲ. ಹಾರ್ಮೋನಿಯಂ ಒಂದೇ ಸ್ವರ ಹಿಡಿದು ನಿಂತಿದೆ. ಸಭೆಯಲ್ಲಿ ಒಂದು ಕೆಮ್ಮು ಕೂಡ ಇಲ್ಲ. ಆಗ ನಾರದನ ಮೇಲಿದ್ದ ಮೂವಿಂಗ್ ಹೆಡ್, ಅಂದರೆ ಬೋರ್ಡಿನಿಂದಲೇ ತಿರುಗಿಸುವ ದೀಪ, ಉರಿಯುತ್ತಲೇ ಹೊರಟಿತು. ಹಿಂದಿನ ಪರದೆ ಸವರಿತು. ವಿಂಗ್‌ನಲ್ಲಿ ಕಿರೀಟ ಕಟ್ಟಿಕೊಳ್ಳುತ್ತಿದ್ದ ಕೃಷ್ಣನನ್ನು ಎಲ್ಲರಿಗೂ ತೋರಿಸಿತು. ದಾರಿಯಲ್ಲಿ ಹಸಿರಾಯಿತು, ಕೆಂಪಾಯಿತು, ಕೊನೆಗೆ ಬಂದು ಸತ್ಯಭಾಮೆಯ ಮುಖದ ಮೇಲೆ ನಿಂತಿತು. ಹಿಂದಿನ ಸಾಲಿನ ಹುಡುಗರು ಶಿಳ್ಳೆ ಹೊಡೆದರು. ಸತ್ಯಭಾಮೆಯ ಬೆರಳು ನಾಲ್ಕನೇ ಬಳೆಯ ಮೇಲೆ ಹಾಗೇ ನಿಂತುಬಿಟ್ಟಿತು.

ನಾಟಕಗಳಿಗೆ ಬೆಳಕು ಮಾಡುವುದೇ ನನ್ನ ಕೆಲಸ. ಅದಕ್ಕೇ ನನಗೆ ಆ ಬೆರಳು ಕಂಡಿತು, ಪಕ್ಕದಲ್ಲಿ ಕೂತವರಿಗೆ ದೀಪ ಕಂಡಿತು.

ಇದು ಲೈಟ್ ಕೆಟ್ಟಿದ್ದಲ್ಲ. ಕ್ಯೂ, ಅಂದರೆ ಯಾವಾಗ ಯಾವ ದೀಪ ಹೇಗಿರಬೇಕು ಅನ್ನುವ ಆಜ್ಞೆ, ಅದನ್ನು ಬರೆದ ರೀತಿ ಕೆಟ್ಟಿದ್ದು. ಒಂದೇ ದೀಪ ಹದಿನಾಲ್ಕನೇ ಕ್ಯೂನಲ್ಲಿ ನಾರದನ ಮೇಲಿತ್ತು, ಹದಿನೈದನೇ ಕ್ಯೂನಲ್ಲಿ ಸತ್ಯಭಾಮೆಯ ಮೇಲಿತ್ತು. ಜಾಗ, ಬಣ್ಣ, ಬೆಳಕು ಮೂರನ್ನೂ ಒಟ್ಟಿಗೆ ರೆಕಾರ್ಡ್ ಮಾಡಿ ಐದು ಸೆಕೆಂಡ್ ಕೊಟ್ಟಿದ್ದಾರೆ. ಗೋ ಬಟನ್ ಒತ್ತಿದರೆ ಕನ್ಸೋಲ್, ಅಂದರೆ ದೀಪ ನಡೆಸುವ ಬೋರ್ಡ್, ಇನ್ನೇನು ಮಾಡುತ್ತದೆ? ಹೇಳಿದ್ದನ್ನೇ ಮಾಡುತ್ತದೆ. ಉರಿಯುವ ದೀಪವನ್ನು ಐದು ಸೆಕೆಂಡ್ ಎಳೆದುಕೊಂಡು ಹೋಗುತ್ತದೆ. ಬಣ್ಣದ ಚಕ್ರ ಇರುವ ದೀಪವಾದರೆ ನಡುವಿನ ಬಣ್ಣಗಳೆಲ್ಲ ಹಾದು ಹೋಗುತ್ತವೆ. ಅದೇ ಆ ಹಸಿರು, ಆ ಕೆಂಪು.

ಇದಕ್ಕೆ ಎರಡು ದೀಪ ಬೇಕು, ಅಷ್ಟೇ. ಮೂರನೇ ನಂಬರಿನ ದೀಪ ನಾರದನ ಮೇಲೆ ಉರಿಯುತ್ತಿರುವಾಗಲೇ ಐದನೇ ನಂಬರಿನ ದೀಪ ಕತ್ತಲಲ್ಲಿ ಮಂಚದ ಕಡೆ ತಿರುಗಿ, ಬಣ್ಣ ಹಾಕಿಕೊಂಡು, ಜೂಮ್ ಸರಿ ಮಾಡಿಕೊಂಡು ಕಾದಿರಬೇಕು. ಹದಿನೈದನೇ ಕ್ಯೂನಲ್ಲಿ ಬೆಳಕು ಮಾತ್ರ ಬದಲಾಗಬೇಕು. ನಾರದನ ದೀಪ ಮೂರು ನಾಲ್ಕು ಸೆಕೆಂಡಲ್ಲಿ ಇಳಿಯಲಿ, ಸತ್ಯಭಾಮೆಯದು ಐದು ಆರು ಸೆಕೆಂಡಲ್ಲಿ ಏರಲಿ. ಅದರ ಬೆನ್ನಿಗೇ ತಾನಾಗಿ ಓಡುವ ಇನ್ನೊಂದು ಕ್ಯೂ ಹಾಕಿ. ಅದರಲ್ಲಿ ಆರಿದ ಮೂರನೇ ದೀಪ ಕೃಷ್ಣ ಬರುವ ಜಾಗಕ್ಕೆ ತಿರುಗಿ ಕೂರುತ್ತದೆ. ನೋಡುವವರಿಗೆ ಒಂದು ಮುಖ ಮೆಲ್ಲಗೆ ಮುಳುಗಿ ಇನ್ನೊಂದು ಮುಖ ಏಳುವುದು ಮಾತ್ರ ಕಾಣಬೇಕು. ದೀಪ ತಿರುಗಿದ್ದು ಯಾರಿಗೂ ಗೊತ್ತಾಗಬಾರದು.

ಕನ್ಸೋಲ್‌ಗಳಲ್ಲಿ ಇದಕ್ಕೆ ಸೌಲಭ್ಯವೇ ಇದೆ. ಅವೊಲೈಟ್ಸ್‌ನಲ್ಲಿ ಮೂವ್ ಇನ್ ಡಾರ್ಕ್ ಅಂತಾರೆ, ಇಟಿಸಿಯ ಇಯೊಸ್‌ನಲ್ಲಿ ಮಾರ್ಕ್ ಅಂತಾರೆ. ಆದರೆ ಹಿಂದಿನ ಕ್ಯೂನಲ್ಲಿ ಆ ದೀಪ ಆರಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಯಾವ ದೀಪ ಯಾವಾಗ ಖಾಲಿ ಇರುತ್ತದೆ ಅಂತ ಕೂತು ಯೋಚಿಸಬೇಕಾದವನು ಮನುಷ್ಯನೇ.

ನಾಟಕ ಮುಗಿದ ಮೇಲೆ ಬೋರ್ಡ್ ಹತ್ತಿರ ಹೋದೆ. ಜಗಳ ಮಾಡಬೇಕು ಅಂತಲೇ ಹೋಗಿದ್ದೆ. ಇಪ್ಪತ್ತೆರಡು ವರ್ಷದ ಹುಡುಗ ಕೇಬಲ್ ಸುತ್ತುತ್ತಿದ್ದ. ನಾನು ಬಾಯಿ ತೆಗೆಯುವ ಮೊದಲೇ ಹೇಳಿದ: "ಕಾಕಾ, ತಪ್ಪಾತ್ರಿ, ನನಗೂ ಗೊತ್ತಾತು. ಹಾಲಿನ ಬೀಗ ತೆಗದದ್ದೇ ನಾಕ್ ಗಂಟೆಕ್ಕ. ದೀಪ ಕಟ್ಟೋ ಟ್ರಸ್ ಏರಿಸೋದ್ರಾಗ ಆರಾತು. ಏಳಕ್ಕ ನಾಂದಿ. ನಾ ಯಾವಾಗ ಕ್ಯೂ ಬರೀಲಿ ಹೇಳ್ರಿ?"

ಯಾರು ಎಲ್ಲಿ ಕೂರುತ್ತಾರೆ ಅಂತ ಒಂದು ಚೀಟಿ ಕೂಡ ಅವನಿಗೆ ಯಾರೂ ಕೊಟ್ಟಿರಲಿಲ್ಲ. ನನ್ನ ಸಿಟ್ಟು ಅಲ್ಲಿಂದ ದಿಕ್ಕು ಬದಲಿಸಿತು. ಹನ್ನೆರಡು ಮೂವಿಂಗ್ ಹೆಡ್ ಬಾಡಿಗೆ ತರಲು ದುಡ್ಡು ಇದೆ. ಅವುಗಳ ಜೊತೆ ಮೂರು ಗಂಟೆ ಕೂರಲು ಹಾಲ್ ಕೊಡುವುದಿಲ್ಲ. ಹಾಗಾದರೆ ಆ ದುಡ್ಡು ಯಾಕೆ ಖರ್ಚು ಮಾಡಿದಿರಿ?

ಈಗ ಒಬ್ಬರು ಬಂದು ಹೇಳುತ್ತಾರೆ, ಜನಕ್ಕೆ ಲೈಟ್ ಕುಣಿಯಬೇಕು, ರಸಮಂಜರಿ ನೋಡಿ ರೂಢಿಯಾಗಿದೆ, ಶಿಳ್ಳೆ ಬಿತ್ತಲ್ಲ ಅಂತ. ನಾನು ಒಪ್ಪುವುದಿಲ್ಲ. ರಸಮಂಜರಿಯಲ್ಲಿ ದೀಪ ಕುಣಿಯಲಿ, ನಾನೇ ಕುಣಿಸಿದ್ದೇನೆ. ತಾಳ ಇದ್ದಲ್ಲಿ ಕುಣಿತ ಚೆಂದ. ಆದರೆ ನಮ್ಮ ಕುಲಗೋಡ, ಲೋಕಾಪುರದ ಕಡೆ ಇದೇ ಪಾರಿಜಾತವನ್ನು ಗ್ಯಾಸ್‌ಬತ್ತಿ ಬೆಳಕಲ್ಲಿ ಬೆಳತನಕ ಕೂತು ನೋಡಿದ ಜನ ಇವರು. ಜನವರಿಯಲ್ಲಿ ಬನಶಂಕರಿ ಜಾತ್ರೆಗೆ ಹೋಗಿ, ನಾಟಕ ಕಂಪನಿಗಳ ಟೆಂಟಿನೊಳಗೆ ಕೂತು ನೋಡಿ. ಜನ ನೋಡುವುದು ಮುಖವನ್ನೇ. ಮುಖ ಕಾಣದಿದ್ದರೆ ಎದ್ದು ಕೂಗುತ್ತಾರೆ.

ಒಂದು ವಿಷಯ ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಇದೇ ತಪ್ಪು ನಾನೂ ಮಾಡಿದ್ದೇನೆ. ಬಾಗಲಕೋಟೆಯಲ್ಲಿ, ಮೊದಲ ಸಲ ನನ್ನ ಕೈಗೆ ನಾಲ್ಕು ಮೂವಿಂಗ್ ಹೆಡ್ ಸಿಕ್ಕಾಗ. ತಾಯಿ ಸಾಯುವ ದೃಶ್ಯ. ನನ್ನ ದೀಪ ಉರಿಯುತ್ತಾ ಸಭೆಯ ಮೇಲೆ ಹಾದು ಹೋಯಿತು, ಮಕ್ಕಳು ಚಪ್ಪಾಳೆ ತಟ್ಟಿದರು. ಆಟ ಮುಗಿದ ಮೇಲೆ ತಾಯಿಯ ಪಾತ್ರದವರು ಬಣ್ಣ ಒರೆಸಿಕೊಳ್ಳುತ್ತಾ ಇಷ್ಟೇ ಅಂದರು: "ನಾ ಸಾಯೂದು ಯಾರೂ ನೋಡ್ಲಿಲ್ಲಪಾ ತಮ್ಮಾ." ಅವತ್ತು ರಾತ್ರಿ ಊಟ ಸೇರಲಿಲ್ಲ. ಆ ಮಾತು ಇನ್ನೂ ಕಿವಿಯಲ್ಲಿದೆ. ನಿನ್ನೆ ಆ ನಿಂತ ಬೆರಳು ನೋಡಿದಾಗ ಮತ್ತೆ ಕೇಳಿಸಿತು.

ಹುಡುಗನ ಜೊತೆ ರಾತ್ರಿ ಒಂದು ಗಂಟೆವರೆಗೆ ಕೂತೆ. ಅವನು ಜಾಗಗಳಿಗೆ ಹೆಸರು ಕೊಟ್ಟು ಉಳಿಸಿ ಪ್ಯಾಲೆಟ್ ಮಾಡಿಟ್ಟುಕೊಂಡಿರಲಿಲ್ಲ, ಪ್ರತಿ ಕ್ಯೂನಲ್ಲೂ ಬರೀ ಅಂಕಿ. ಊರು ಬದಲಾದರೆ ಟ್ರಸ್ಸಿನ ಎತ್ತರ ಬದಲಾಗುತ್ತದೆ, ಆಗ ಅಷ್ಟೂ ಕ್ಯೂ ಮತ್ತೆ ತಿದ್ದಬೇಕು. 'ಮಂಚ', 'ಬಾಗಿಲು', 'ಮೇಳ', 'ನಡು' ಅಂತ ಪ್ಯಾಲೆಟ್ ಇಟ್ಟರೆ ಅವನ್ನಷ್ಟೇ ತಿದ್ದಿದರೆ ಸಾಕು, ಕ್ಯೂಗಳೆಲ್ಲ ತಾವೇ ಸರಿಯಾಗುತ್ತವೆ. ಇನ್ನೊಂದು: ದೀಪಗಳು 8 ಬಿಟ್‌ನಲ್ಲಿದ್ದವು. ಪ್ಯಾನ್, ಅಂದರೆ ದೀಪ ಅಡ್ಡಕ್ಕೆ ತಿರುಗುವುದು, 540 ಡಿಗ್ರಿ; 8 ಬಿಟ್‌ನಲ್ಲಿ ಅದಕ್ಕೆ 256 ಹಂತ. ಒಂದು ಹಂತಕ್ಕೆ ಎರಡು ಡಿಗ್ರಿಗಿಂತ ಜಾಸ್ತಿ. ಹತ್ತು ಮೀಟರ್ ದೂರದಲ್ಲಿ ಅದು ಒಂದಡಿ ದಾಟುತ್ತದೆ. ಮುಖಕ್ಕೆ ಸರಿಯಾಗಿ ಕೂರಿಸುವುದು ಹೇಗೆ? ಹಂತಗಳು ಬಹಳ ಹೆಚ್ಚಿರುವ 16 ಬಿಟ್‌ಗೆ ಹಾಕಿದೆವು. ಚಾನೆಲ್ ಜಾಸ್ತಿ ಬೇಕು, ಆದರೆ ಒಂದು ಲೈನಿನ 512 ಚಾನೆಲ್‌ನಲ್ಲಿ ಹನ್ನೆರಡು ದೀಪ ಆರಾಮಾಗಿ ಹಿಡಿಸುತ್ತವೆ. ಹುಡುಗ ತಾನೇ ಹದಿನೈದನೇ ಕ್ಯೂ ಹೊಸದಾಗಿ ಬರೆದು ಗೋ ಒತ್ತಿದ. ಖಾಲಿ ರಂಗದ ಮೇಲೆ, ಖಾಲಿ ಮಂಚದ ಮೇಲೆ ಬೆಳಕು ಮೆಲ್ಲಗೆ ಎದ್ದಿತು. ಅವನು ಮಾತಾಡಲಿಲ್ಲ. ಇನ್ನೆರಡು ಸಲ ಒತ್ತಿ ನೋಡಿದ.

ಮುಂದಿನ ಪ್ರಯೋಗ ಗುರುವಾರ, ವಿಜಯಪುರದಲ್ಲಿ. ಬೆಳಿಗ್ಗೆಯೇ ಹಾಲ್ ತೆರೆದುಕೊಡಿ ಅಂತ ಸಂಘಟಕರಿಗೆ ಫೋನ್ ಮಾಡಿದ್ದೇನೆ. ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳಿ ಹೇಳ್ತೀವಿ ಅಂದಿದ್ದಾರೆ. ಎಂಟು ಗಂಟೆಗೆಲ್ಲ ನಾನು ಆ ಬಾಗಿಲ ಮುಂದೆ ಇರುತ್ತೇನೆ. ಹುಡುಗನೂ ಬರ್ತೀನಿ ಅಂದಿದ್ದಾನೆ.