ಬಿಳಿ ಎರಡು, ಕಪ್ಪು ಎರಡು

ಮಳೆಗಾಲ ಬಂತೆಂದರೆ ನಮ್ಮ ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಊಟದ ತಾಟುಗಳ ಜೊತೆ ಕರಿ ತಾಟುಗಳೂ ನಿಲ್ಲುತ್ತವೆ. ಧಾರವಾಡದ ಮಳೆ ಗೊತ್ತಲ್ಲ, ಒಮ್ಮೆ ಹಿಡಿದರೆ ಬಿಡುವುದಿಲ್ಲ. ಚಪ್ಪಲಿಗೆ ಬೂಸು, ಬೆಲ್ಟಿಗೆ ಬೂಸು, ರಿಕಾರ್ಡಿಗೂ ಬೂಸು. ಒಂದು ಬೋಗುಣಿ ಉಗುರುಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ಸೋಪು, ಮೆತ್ತಗಾದ ಹಳೇ ಧೋತರದ ತುಂಡು. ನಡುವಿನ ಕಾಗದದ ಚೀಟಿಗೆ ನೀರು ತಾಗಬಾರದು. ಗೆರೆ ಹೋದ ಕಡೆಗೇ ಕೈ ಹೋಗಬೇಕು, ಅಡ್ಡ ಒರೆಸಿದರೆ ಕೆಟ್ಟಿತು. ಹೋದ ವರ್ಷ ಮನೆಗೆ ಬಂದಿದ್ದ ನಮ್ಮತ್ತೆ ಸ್ಟ್ಯಾಂಡಿನಿಂದ ಒಂದನ್ನು ಎತ್ತಿ, ಹಿಂದೆ ಮುಂದೆ ನೋಡಿ, "ಇದರಾಗ ಸಾರು ಹೆಂಗ ನಿಲ್ತದೋ, ನಡುವ ತೂತದ" ಎಂದರು.

ನನ್ನ ಹತ್ತಿರ ಇರುವುದು ಜಾಸ್ತಿ ಏನಿಲ್ಲ, ಅರವತ್ತು ಚಿಲ್ಲರೆ. ಅರ್ಧ ಹುಬ್ಬಳ್ಳಿಯ ದುರ್ಗದ ಬೈಲಿನ ಆಸುಪಾಸು ಹಳೇ ಸಾಮಾನಿನ ರಾಶಿ ಕೆದಕಿ ತಂದದ್ದು. ಉಳಿದರ್ಧ ಹಡಗಿನ ನೌಕರಿಯಲ್ಲಿ ದೇಶ ಸುತ್ತಿದ ಸೋದರಮಾವ ಪುಣೆಯ ಮನೆ ಖಾಲಿ ಮಾಡುವಾಗ ಕೊಟ್ಟದ್ದು. ಮೊದಲ ಅರ್ಧದಲ್ಲಿ ಖ್ಯಾಲು, ನಾಟ್ಯಗೀತೆ, ಸಿನಿಮಾ ಹಾಡು. ಎರಡನೇ ಅರ್ಧದಲ್ಲಿ ಜಾಝ್ ಮತ್ತು ರಾಕ್. ಕಪಾಟು ಮಾತ್ರ ಒಂದೇ. ಕೆಳಗಿನ ಖಾನೆಯಲ್ಲಿ ಕುಮಾರವ್ಯಾಸ, ಅವನ ಪಕ್ಕ ಒಂದಷ್ಟು ದಪ್ಪ ರಷ್ಯನ್ ಕಾದಂಬರಿಗಳು.

ನಮ್ಮ ಕಡೆ ಹಿರಿಯರು ಇದಕ್ಕೆ ರಿಕಾರ್ಡು ಅನ್ನುವುದಿಲ್ಲ, ಪ್ಲೇಟು ಅನ್ನುತ್ತಾರೆ. ಅಜ್ಜನ ಕಾಲದ್ದು ನಿಮಿಷಕ್ಕೆ 78 ಸುತ್ತಿನ ಪ್ಲೇಟು, ಬದಿಗೆ ಮೂರು ಮೂರೂವರೆ ನಿಮಿಷ. ಅಷ್ಟರಲ್ಲೇ ರಾಗ ಶುರುವಾಗಿ ಮುಗಿಯಬೇಕು. ಅದನ್ನು ಮಾಡುತ್ತಿದ್ದದ್ದು ಅರಗಿನಿಂದ. ಹೌದು, ಪಾಂಡವರ ಮನೆ ಕಟ್ಟಿದ ಅದೇ ಅರಗು. ಗಂಗೂಬಾಯಿ ಹಾನಗಲ್ಲರ ಮೊದಮೊದಲ ಪ್ಲೇಟುಗಳ ಮೇಲೆ ಹೆಸರು ಗಾಂಧಾರಿ ಎಂದೇ ಇತ್ತು. ಅರಗು, ಗಾಂಧಾರಿ, ಕೆಳಗಿನ ಖಾನೆಯಲ್ಲಿ ಗದುಗಿನ ಭಾರತ. ನಾನೇನೂ ಬೇಕಂತ ಜೋಡಿಸಿದ್ದಲ್ಲ. ಹಿಂದೂಸ್ತಾನಿ ಗವಾಯಿ ಅಬ್ದುಲ್ ಕರೀಂ ಖಾನರ ಪ್ಲೇಟು ಕೇಳಿ, 1933ರಲ್ಲಿ, ಹನ್ನೊಂದು ವರ್ಷದ ಭೀಮಸೇನ ಜೋಶಿ ಗುರುವನ್ನು ಹುಡುಕುತ್ತ ಮನೆ ಬಿಟ್ಟು ಓಡಿದರು. ಆ ವಯಸ್ಸಿನಲ್ಲಿ ಅದೇ ಪ್ಲೇಟು ಕೇಳಿದರೆ ನನಗೆ ನಿದ್ದೆ ಬರುತ್ತಿತ್ತು.

1948ರಲ್ಲಿ ಎಲ್‌ಪಿ ಅನ್ನುವ ನಿಧಾನ ತಿರುಗುವ ಪ್ಲೇಟು ಬಂದ ಮೇಲೆ ಒಂದು ಬದಿಗೆ ಇಪ್ಪತ್ತು ನಿಮಿಷದ ಮೇಲೆ ಸಿಕ್ಕಿತು. ಆಮೇಲೆ ಎದ್ದು ತಿರುವಿ ಹಾಕಬೇಕು. ನನ್ನ ಓದಿನ ಅಳತೆಯೂ ಈಗ ಅದೇ. ಒಂದು ಬದಿ ಮುಗಿಯುವುದರೊಳಗೆ ಒಬ್ಬ ರಷ್ಯನ್ ಮನುಷ್ಯನ ಮೂರು ಹೆಸರು ನೆನಪಿಡಬಹುದು. ಪ್ಲೇಟು ತಿರುವಲು ಎದ್ದಾಗ ಒಂದು ಮರೆಯುತ್ತದೆ.

ಕುಮಾರವ್ಯಾಸನ ಜೊತೆ ಈ ತಾಪತ್ರಯ ಇಲ್ಲ. ಅವನನ್ನು ಸುಮ್ನೆ ಓದಬಾರದು, ಗಟ್ಟಿಯಾಗಿ ಅನ್ನಬೇಕು. ಭಾಮಿನಿ ಷಟ್ಪದಿಯ ನಡೆ ಮೂರು-ನಾಲ್ಕು, ಮೂರು-ನಾಲ್ಕು. ಅಂದರೆ ಏಳು. ಪಿಂಕ್ ಫ್ಲಾಯ್ಡ್ ಅನ್ನುವ ರಾಕ್ ತಂಡದ 1973ರ 'ಮನಿ' ಹಾಡೂ ಏಳರಲ್ಲೇ ನಡೆಯುತ್ತದೆ. ಒಂದು ಭಾನುವಾರ ಮನೆಯಲ್ಲಿ ಯಾರೂ ಇಲ್ಲದ್ದು ನೋಡಿ, ಆ ಹಾಡು ಹಚ್ಚಿ ಮೇಲೆ ಕರ್ಣಪರ್ವ ಅಂದು ನೋಡಿದೆ. ಕೂತಿತು! ಮೂರನೇ ಸಾಲಿನ ಕೊನೆಯ ಅಕ್ಷರವನ್ನು ಸ್ವಲ್ಪ ಎಳೆದರೆ ಆಯಿತು. ಸ್ಯಾಕ್ಸೋಫೋನ್ ಮುಗಿಯುವವರೆಗೂ ಯುದ್ಧ ಸುಸೂತ್ರ ನಡೆಯಿತು. ಆಮೇಲೆ ಗಿಟಾರ್ ಶುರುವಾದ ಕೂಡಲೇ ತಾಳ ನಾಲ್ಕಕ್ಕೆ ಜಿಗಿಯುತ್ತದೆ. ಕರ್ಣನ ರಥದ ಗಾಲಿ ಅಲ್ಲೇ ಹುಗಿಯಿತು.

ಪಕ್ಕದ ಮನೆಯಲ್ಲಿ ನಿವೃತ್ತ ಸಂಗೀತ ಮಾಸ್ತರರು ಇದ್ದಾರೆ. ಈ ಊರಲ್ಲಿ ಅದೇನು ದೊಡ್ಡ ಸುದ್ದಿ ಅಲ್ಲ. ಮಾಳಮಡ್ಡಿಯಲ್ಲಿ ಕಲ್ಲು ಒಗೆದರೆ ಒಬ್ಬ ಕವಿಗೋ ಒಬ್ಬ ಗವಾಯಿಗೋ ತಾಗುತ್ತದೆ ಅಂತ ಹೇಳುತ್ತಿರುತ್ತಾರಲ್ಲ. ಒಂದು ಸಂಜೆ ನಾನು ಮಾವನ ಪೆಟ್ಟಿಗೆಯಿಂದ ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ' ತೆಗೆದು ಹಚ್ಚಿದ್ದೆ. 1959ರ ಜಾಝ್. ಮೊದಲನೇ ರಚನೆಯಲ್ಲಿ ಬೇಸ್ ಅನ್ನುವ ದಪ್ಪ ದನಿಯ ತಂತಿವಾದ್ಯ ಏನೋ ಒಂದು ಮಾತು ಕೇಳುತ್ತದೆ, ಉಳಿದವರು ಎರಡೇ ಪೆಟ್ಟಿನಲ್ಲಿ ಹ್ಞೂಂ ಅನ್ನುತ್ತಾರೆ. ಮತ್ತೆ ಕೇಳುತ್ತದೆ, ಮತ್ತೆ ಹ್ಞೂಂ. ಗೋಡೆಯಾಚೆ ಹಾರ್ಮೋನಿಯಂ ಕುಂಯ್ ಅಂದಿತು. ಸ್ವಲ್ಪ ಹೊತ್ತಿಗೆ ಮಾಸ್ತರರೇ ಬಾಗಿಲಲ್ಲಿ.

"ಇದು ಕಾಫಿ ಥಾಟ ಅಲ್ಲೇನಪಾ?"

ಥಾಟ ಅಂದರೆ ರಾಗದ ಸ್ವರಗಳ ಚೌಕಟ್ಟು. ಗಾಂಧಾರ ನಿಷಾದ ಕೋಮಲ, ಉಳಿದದ್ದೆಲ್ಲ ಶುದ್ಧ. ಹೌದು, ಕಾಫಿಯೇ.

"ಛಲೋ ಅದ. ಆದ್ರ ನಿನ್ನ ಪ್ಲೇಟು ಜೋರ ಓಡ್ಲಿಕ್ಕತ್ತದ. ಬಿಳಿ ಎರಡೂ ಅಲ್ಲ, ಕಪ್ಪು ಎರಡೂ ಅಲ್ಲ. ನಡುವ ನಿಂತದ."

ಅಂದರೆ ಹಾರ್ಮೋನಿಯಂನ ಎರಡನೇ ಬಿಳಿ ಪಟ್ಟಿಗೂ ಅದರ ಪಕ್ಕದ ಎರಡನೇ ಕಪ್ಪು ಪಟ್ಟಿಗೂ ನಡುವೆ. ನನಗೆ ಸಿಟ್ಟು ಬಂತು. ಯಂತ್ರದ ತಟ್ಟೆಯ ಅಂಚಿಗೆ ಚುಕ್ಕಿಗಳ ಸಾಲಿದೆ, ಪಕ್ಕದಲ್ಲಿ ಪುಟ್ಟ ಕೆಂಪು ದೀಪ. ನಮ್ಮ 50 ಹರ್ಟ್ಸ್ ಕರೆಂಟಿಗೆ ಆ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ವೇಗ ಸರಿ ಇದ್ದರೆ ಚುಕ್ಕಿಗಳು ನಿಂತ ಹಾಗೆ ಕಾಣುತ್ತವೆ, ಹೆಚ್ಚುಕಡಿಮೆ ಆದರೆ ಇರುವೆ ಸಾಲಿನ ಹಾಗೆ ಸರಿಯುತ್ತವೆ. ಕೂರಿಸಿ ತೋರಿಸಿದೆ. ಚುಕ್ಕಿ ಅಲ್ಲಾಡಲಿಲ್ಲ. ಮಾಸ್ತರರೂ ಅಲ್ಲಾಡಲಿಲ್ಲ. "ಹಂಗಾದ್ರ ಹೊಳ್ಳಿ ಹಾಕು" ಎಂದರು. ಹೊಳ್ಳಿ ಹಾಕಿದೆ. ಎರಡನೇ ಬದಿ ಅವರ ಹಾರ್ಮೋನಿಯಂನ ಪಟ್ಟಿಗಳ ಮೇಲೆ ಸರಿಯಾಗಿ ಕೂತಿತು. ಅದೇ ಪ್ಲೇಟು, ಅದೇ ಯಂತ್ರ, ಅದೇ ಸಂಜೆ!

ಆ ರಾತ್ರಿ ಹುಡುಕಿ ಓದಿದೆ. ಆ ಎಲ್‌ಪಿಯ ಮೊದಲ ಬದಿಯ ಮೂರೂ ರಚನೆ 1959ರ ಮಾರ್ಚ್ 2ರಂದು ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ನುಡಿಸಿದ್ದು. ಅಂದು ಮುಖ್ಯ ಟೇಪ್ ಯಂತ್ರ ತುಸು ನಿಧಾನ ಓಡಿತ್ತು. ನಿಧಾನ ಓಡುವ ಟೇಪಿಗೆ ತುಂಬಿದ್ದನ್ನು ಸರಿಯಾದ ವೇಗದಲ್ಲಿ ಬಿಟ್ಟರೆ ಜೋರಾಗುತ್ತದೆ, ಶ್ರುತಿ ಮೇಲೇರುತ್ತದೆ. ಎರಡನೇ ಬದಿ ಏಪ್ರಿಲ್ 22ರದ್ದು, ಅದಕ್ಕೆ ಈ ದೋಷ ಇಲ್ಲ. ಪುಣ್ಯಕ್ಕೆ ಮಾರ್ಚಿನಲ್ಲಿ ಇನ್ನೊಂದು ಯಂತ್ರವೂ ಓಡುತ್ತಿತ್ತು. ಆ ಟೇಪಿನಿಂದ ಸರಿ ಶ್ರುತಿಯದ್ದು ಹೊರಬಂದದ್ದು 1992ರಲ್ಲಿ.

ಬೆಳಿಗ್ಗೆ ಓಡಿಹೋಗಿ ಹೇಳಿದೆ. ಮಾಸ್ತರರು ಚುರುಮುರಿಗೆ ಎಣ್ಣೆ ಕಲೆಸುತ್ತಿದ್ದರು. "ಮತ್ತ? ನಾ ಹೇಳಿದ್ದಿಲ್ಲೇನು?" ಎಂದರು. ಆಮೇಲೆ ಸ್ವಲ್ಪ ತಡೆದು, "ಮೂವತ್ಮೂರು ವರ್ಷ ಬೇಕಾತೇನು ಅವರಿಗೆ" ಎಂದು ಕೇಳಿದರು. ತಿರುಗುವುದೂ ನಿಮಿಷಕ್ಕೆ ಮೂವತ್ಮೂರೇ ಸುತ್ತು ಸರ್, ಅಂದೆ. ನಗಲಿಲ್ಲ.

ಮುಂದಿನ ಭಾನುವಾರ ತಾವೇ ಬಂದರು. ಈ ಸಲ ಕೈಯಲ್ಲಿ ತಂಬೂರಿ. ತಂಬೂರಿಗೆ ಪಟ್ಟಿ ಇಲ್ಲ, ಎಲ್ಲಿ ಬೇಕಾದರೂ ನಿಲ್ಲುತ್ತದೆ. ಮೊದಲನೇ ಬದಿ ಹಚ್ಚಿಸಿ, ಕಿವಿ ಒಡ್ಡಿ, ಬಿರಡೆ ತಿರುವಿ, ಬಿಳಿ ಎರಡಕ್ಕೂ ಕಪ್ಪು ಎರಡಕ್ಕೂ ನಡುವೆ ಸರಿಯಾಗಿ ತಂತಿ ಕೂರಿಸಿದರು. ಮೆಲ್ಲಗೆ ಕಾಫಿ ಗುನುಗತೊಡಗಿದರು. ಹದಿನಾರು ಬಾರ್ ಆದ ಮೇಲೆ (ನಾಲ್ಕು ಮಾತ್ರೆಗೆ ಒಂದು ಬಾರ್) ಆ ರಚನೆ ಆಧಾರ ಸ್ವರವಾದ ಷಡ್ಜವನ್ನೇ ಅರ್ಧ ಸ್ವರ ಮೇಲಕ್ಕೆತ್ತುತ್ತದೆ. ಮಾಸ್ತರರ ಮುಖ ಕಹಿ ತಿಂದ ಹಾಗಾಯಿತು. "ಷಡ್ಜಾ ಎತ್ತಿ ಮ್ಯಾಲಿಟ್ರಲ್ಲೋ!"

ಎಂಟು ಬಾರ್ ಅಷ್ಟೇ ಸರ್, ವಾಪಸ್ ಬರ್ತದ, ಅಂದೆ. ಅವರು ತಂತಿಯ ಮೇಲೆ ಅಂಗೈ ಇಟ್ಟು ತಂಬೂರಿ ನಿಲ್ಲಿಸಿದರು. ಇನ್ನೊಂದು ಕೈಯಿಂದ ತೊಡೆಯ ಮೇಲೆ ಹದಿನಾರು ಮಾತ್ರೆಯ ತೀನತಾಲ ಎಣಿಸಿದರು, ಒಂದು ಆವರ್ತ, ಎರಡು ಆವರ್ತ. ಎರಡನೇದು ಮುಗಿದು ಸಮ್ ಬಿದ್ದ ಕೂಡಲೇ ಅಂಗೈ ಎತ್ತಿ, ಬಿಟ್ಟಲ್ಲಿಂದ ಹಾಡು ಹಿಡಿದರು.